ಗ್ಯಾಲಿಯ ಮೇಲೆ ಗ್ಯಾಲಿ

ಇಪ್ಪತ್ತೆರಡು ವರ್ಷ ನಾನು ಪುಟ್ಟಲಿಂಗಮ್ಮನ ತಪ್ಪು ಹುಡುಕಿಯೇ ಹೊಟ್ಟೆ ಹೊರೆದವನು. ಕೆ.ಆರ್. ಮೊಹಲ್ಲಾದ ಗಲ್ಲಿಯೊಂದರಲ್ಲಿದ್ದ ಮಹದೇವಪ್ಪನವರ ಅಚ್ಚುಕೂಟದಲ್ಲಿ ಆಕೆ ಅಕ್ಷರ ಜೋಡಿಸುವ ಕಂಪೋಸಿಟರ್, ನಾನು ಪ್ರೂಫು ತಿದ್ದುವವನು. ನನ್ನ ಹೆಸರು ಲಕ್ಷ್ಮೀನರಸಿಂಹ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದಾಗ ಸಂಜೆ ಹೊತ್ತು ಅಲ್ಲಿಗೆ ಹೋಗುತ್ತಿದ್ದೆ, ನಿವೃತ್ತನಾದ ಮೇಲೆ ದಿನವಿಡೀ ಅಲ್ಲೇ ಠಿಕಾಣಿ ಹೂಡಿದೆ. ಆಕೆ ಒಂದು ಪುಟ ಜೋಡಿಸಿ ಕೊಟ್ಟರೆ ನಾನು ಕೆಂಪು ಪೆನ್ನಿನಿಂದ ಅದರ ಮೈತುಂಬ ಗೀಚಿ ವಾಪಸು ಕೊಡುವುದು, ಆಕೆ ಅದನ್ನು ತಿರುಗಿಸಿ ನೋಡಿ, “ಮೇಷ್ಟ್ರೇ, ಇವತ್ತು ಮನೇಲಿ ಕಾಫಿ ಕೊಡ್ನಿಲ್ವಾ?” ಎಂದು ಕೇಳುವುದು, ಇದು ನಮ್ಮ ದಿನಚರಿ. ಗೆರೆಯಿಲ್ಲದ ಪ್ರೂಫನ್ನು ನಾನು ಆಕೆಗೆ ಒಂದು ದಿನವೂ ಕೊಟ್ಟವನಲ್ಲ. ಕೊಡುವ ಮನಸ್ಸೂ ನನಗಿರಲಿಲ್ಲ.

ಹಾಗೆಂದು ಆಕೆ ಕೆಲಸದಲ್ಲಿ ಕಡಿಮೆಯವಳಲ್ಲ. ಹದಿನಾಲ್ಕನೇ ವಯಸ್ಸಿಗೆ ಪ್ರೆಸ್ಸಿಗೆ ಬಂದವಳು. ಆಗಿನ ಹಿರಿಯ ಕಂಪೋಸಿಟರ್ ಮರಿಯಯ್ಯ ಆಕೆಗೆ ವಿದ್ಯೆ ಕಲಿಸಿದವರು. ಎಡಗೈಯಲ್ಲಿ ಸ್ಟಿಕ್ಕು ಎನ್ನುವ ಕಬ್ಬಿಣದ ಪಟ್ಟಿ, ಎದುರಿಗೆ ನೂರಾರು ಖಾನೆಗಳ ಮರದ ತಟ್ಟೆ. ಬಲಗೈ ಖಾನೆಗಳಿಂದ ಒಂದೊಂದು ಅಕ್ಷರದ ಸೀಸದ ಮೊಳೆಗಳನ್ನು ಹೆಕ್ಕಿ ತರಬೇಕು, ಎಡಗೈಯ ಹೆಬ್ಬೆರಳು ಕೊನೆಗೆ ಬಂದ ಮೊಳೆಯನ್ನು ಒತ್ತಿ ಹಿಡಿದಿರಬೇಕು. ಹೆಬ್ಬೆರಳು ಸಡಿಲವಾದರೆ ಇಡೀ ಸಾಲು ನೆಲಕ್ಕೆ. ಪುಟ್ಟಲಿಂಗಮ್ಮನ ಹೆಬ್ಬೆರಳ ತುದಿಯಲ್ಲಿ ಹುಣಸೆ ಬೀಜದಷ್ಟು ದೊಡ್ಡ ಗಂಟು ಕಟ್ಟಿತ್ತು. ಬೇರೆ ಹೆಂಗಸರು ಬಳೆ ತೋರಿಸುವ ಹಾಗೆ ಆಕೆ ಅದನ್ನು ತೋರಿಸುತ್ತಿದ್ದಳು.

ಮರಿಯಯ್ಯ ಕಲಿಸಿದ್ದರಲ್ಲಿ ಒಂದು ಪಾಠ ಆಕೆಯ ಮೈಗೇ ಹತ್ತಿಬಿಟ್ಟಿತ್ತು. ಜೋಡಿಸಿದ ಸಾಲುಗಳನ್ನು ಗ್ಯಾಲಿ ಎಂಬ ಅಂಚಿನ ತಟ್ಟೆಗೆ ಇಳಿಸಿ, ದಾರ ಸುತ್ತಿ, ಗೋಡೆ ಪಕ್ಕದ ರ‍್ಯಾಕಿನಲ್ಲಿ ಜಾರಿಸಿ ಇಡುತ್ತಾರೆ. ಒಂದು ಗ್ಯಾಲಿಯ ಮೇಲೆ ಇನ್ನೊಂದು ಗ್ಯಾಲಿಯನ್ನು ಮಾತ್ರ ಯಾವ ಕಾರಣಕ್ಕೂ ಇಡಬಾರದು. ಸೀಸ ಮೆತ್ತಗಿನದು, ಮೇಲಿನ ಭಾರಕ್ಕೆ ಕೆಳಗಿನ ಅಕ್ಷರಗಳ ಮುಖ ಜಜ್ಜಿಹೋಗುತ್ತದೆ. ಹುಡುಗಿಯಾಗಿದ್ದಾಗ ಆಕೆ ಒಮ್ಮೆ ಹಾಗೆ ಇಟ್ಟಳು. ಮರಿಯಯ್ಯ ಬೈಯಲಿಲ್ಲ. ಕೆಟ್ಟ ಮೊಳೆ ಒಂದು ಕಡೆ, ಒಳ್ಳೆ ಮೊಳೆ ಒಂದು ಕಡೆ ಎಂದು ಮೂರು ದಿನ ನೆಲದ ಮೇಲೆ ಕೂರಿಸಿ ಆರಿಸಲು ಹಚ್ಚಿದರು. ಆಮೇಲೆ ಆಕೆ ತನ್ನ ಮನೆಯಲ್ಲೂ ತಟ್ಟೆಯ ಮೇಲೆ ತಟ್ಟೆ ಇಡುತ್ತಿರಲಿಲ್ಲವೆಂದು ಗಂಡ ಚಾಮಯ್ಯ ಹೇಳುತ್ತಿದ್ದ. ಅವನು ತೋಟಗಾರಿಕೆ ಇಲಾಖೆಯಲ್ಲಿ ಮಾಲಿ, ಒಳ್ಳೆಯ ಮನುಷ್ಯ, ಸ್ವಲ್ಪ ಉತ್ಪ್ರೇಕ್ಷೆಯ ಸ್ವಭಾವ.

ಹೀಗಿರುವಾಗ ತೊಂಬತ್ತೇಳನೇ ಇಸವಿಯಲ್ಲಿ ಮಹದೇವಪ್ಪನವರು ಕಂಪ್ಯೂಟರ್ ತಂದರು. ಅದರ ಜೊತೆಗೆ ಹೇಮಶ್ರೀ ಎಂಬ ಆಪರೇಟರ್ ಬಂದಳು. ಗೋಕುಲಂ ಕಡೆಯ ಒಂದು ಸೆಂಟರಿನಲ್ಲಿ ಕಲಿತವಳು, ಚುರುಕಿನ ಹೆಣ್ಣುಮಗಳು. ಮೊಳೆಯ ಖಾನೆಗಳನ್ನು ಹಿಂದಿನ ಕೋಣೆಗೆ ಸಾಗಿಸಿದರು. ಉಳಿದ ಇಬ್ಬರು ಕಂಪೋಸಿಟರುಗಳು ಬೇರೆ ದಾರಿ ನೋಡಿಕೊಂಡರು. ಪುಟ್ಟಲಿಂಗಮ್ಮ ಮಾತ್ರ, “ಕಲ್ತ್ಕೋತೀನಿ ಯಜಮಾನ್ರೇ,” ಎಂದು ಸೆರಗು ಸಿಕ್ಕಿಸಿ ಹೇಮಶ್ರೀಯ ಪಕ್ಕ ಕೂತಳು.

ಅಕ್ಷರ ಒತ್ತುವುದನ್ನು ಮೂರೇ ವಾರದಲ್ಲಿ ಕಲಿತಳು. ಯಾವ ಅಕ್ಷರ ಯಾವ ಮನೆಯಲ್ಲಿದೆ ಎಂದು ಬೆರಳಿಗೆ ಹೇಳಿಕೊಡುವುದು ಆಕೆಗೆ ಹೊಸದೇನಲ್ಲವಲ್ಲ. ಆದರೆ ನಾಲ್ಕನೇ ವಾರ ಒಂದು ಅನಾಹುತವಾಯಿತು. ಲಗ್ನಪತ್ರಿಕೆಯೊಂದು ಅಚ್ಚಾಗಿ ಹೋದ ಮೇಲೆ ಆಕೆ ಕಂಪ್ಯೂಟರಿನ ಮುಂದೆ ಕೂತು ಅದರ ಅಕ್ಷರಗಳನ್ನೆಲ್ಲ ಒಂದೊಂದಾಗಿ ಅಳಿಸಿ, ಖಾಲಿ ಹಾಳೆಯನ್ನು ಜೋಪಾನವಾಗಿ ಸೇವ್ ಮಾಡಿ ಮನೆಗೆ ಹೋದಳು. ಮಾರನೇ ದಿನ ಹುಡುಗನ ಸೋದರಮಾವ ಬಂದು ಇನ್ನೂ ನೂರು ಪತ್ರಿಕೆ ಬೇಕು, ಛತ್ರದ ಹೆಸರು ಬದಲಾಗಿದೆ ಎಂದರು. ತೆಗೆದು ನೋಡಿದರೆ ಒಂದು ಚುಕ್ಕಿಯೂ ಇಲ್ಲ.

“ಯಾಕಮ್ಮ ಅಳಿಸಿದ್ರಿ?” ಎಂದು ಮಹದೇವಪ್ಪನವರು ಕೇಳಿದರು.

“ನಾಳೆ ಕೆಲ್ಸಕ್ಕೆ ಅಕ್ಷರ ಬೇಕಲ್ವಾ ಯಜಮಾನ್ರೇ,” ಎಂದಳು.

ನಾನು ನಕ್ಕೆ. ನಗಬಾರದಿತ್ತು. ಮೊಳೆಯ ಕಾಲದಲ್ಲಿ ಅಚ್ಚಾದ ಮೇಲೆ ಪ್ರತಿ ಮೊಳೆಯನ್ನೂ ಬಿಡಿಸಿ ಅದರ ಖಾನೆಗೆ ಹಾಕದಿದ್ದರೆ ಮುಂದಿನ ಕೆಲಸ ನಡೆಯುತ್ತಲೇ ಇರಲಿಲ್ಲ. ಮದುವೆ ತಿಂಗಳಲ್ಲಿ ‘ಶ್ರೀ’ ಮುಗಿದುಹೋಗಿ ಪಕ್ಕದ ಪ್ರೆಸ್ಸಿಗೆ ಓಡಿ ಒಂದು ಹಿಡಿ ‘ಶ್ರೀ’ ಕಡ ತಂದದ್ದೂ ಉಂಟು. ಆಕೆ ಮೂವತ್ತು ವರ್ಷ ಪಾಲಿಸಿದ ಶಿಸ್ತನ್ನೇ ಪಾಲಿಸಿದ್ದಳು. ಆದರೆ ಮಹದೇವಪ್ಪನವರು ಆ ದಿನ ನಗಲಿಲ್ಲ.

“ಯುಗಾದಿವರೆಗೂ ನೋಡ್ತೀನಿ ಕಣ್ರೀ,” ಎಂದರು. “ಆಗ್ಲಿಲ್ಲ ಅಂದ್ರೆ ಬೈಂಡಿಂಗ್ ಕಡೆ ಹೋಗ್ಬುಡಿ. ಸಂಬಳ ಇದೇ ಇರುತ್ತೆ, ಅದಕ್ಕೇನೂ ಯೋಚ್ನೆ ಬೇಡ.”

ಸಂಬಳದ ಯೋಚನೆ ಯಾರಿಗಿತ್ತು? ಬೈಂಡಿಂಗ್ ಎಂದರೆ ಹಾಳೆ ಮಡಚುವುದು, ಅಂಟು ಮೆತ್ತುವುದು. ಅದೂ ಮರ್ಯಾದೆಯ ಕೆಲಸವೇ, ಆದರೆ ಅಲ್ಲಿ ಅಕ್ಷರ ಕೈಗೆ ಸಿಕ್ಕುವುದಿಲ್ಲ. ಆ ಸಂಜೆ ಆಕೆ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ ನನಗೆ ಹೇಳಿದಳು: “ಅಂಟು ಬಳಿಯಕ್ಕಲ್ಲ ಮೇಷ್ಟ್ರೇ ನಾನು ಹುಟ್ಟಿರೋದು.” ನಾನು ಬಸ್ಸಿಗೆ ಹೊತ್ತಾಯಿತು ಎಂದೆ.

ಅಳಿಸುವ ಅಭ್ಯಾಸ ಒಂದೇ ಬೈಗುಳಕ್ಕೆ ಬಿಟ್ಟುಹೋಯಿತು. ನಿಜವಾದ ಕಷ್ಟ ಬೇರೆಯೇ ಇತ್ತು. ಕಂಪ್ಯೂಟರಿನ ಕೆಲಸ ಪರದೆಯ ಮೇಲೆ ತೆರೆಯುವ ಒಂದೇ ಕಿಟಕಿಯಲ್ಲಿ ಮುಗಿಯುವುದಿಲ್ಲ. ಬರಹ ಒಂದು ಕಿಟಕಿಯಲ್ಲಿ ಟೈಪಾಗುತ್ತದೆ, ಪುಟ ಇನ್ನೊಂದರಲ್ಲಿ ಕಟ್ಟಿಕೊಳ್ಳುತ್ತದೆ, ಚಿತ್ರ ಮತ್ತೊಂದರಲ್ಲಿರುತ್ತದೆ. ಹೇಮಶ್ರೀ ಮೊದಲ ಸಲ ಒಂದು ಕಿಟಕಿಯ ಮೇಲೆ ಇನ್ನೊಂದನ್ನು ತೆರೆದಾಗ ಪುಟ್ಟಲಿಂಗಮ್ಮ ಅವಳ ಕೈ ಹಿಡಿದುಕೊಂಡಳು.

“ಅದ್ರ ಮ್ಯಾಲೆ ಮಡಗ್ಬ್ಯಾಡ ಕಣವ್ವ. ಕೆಳಗಿರೋ ಅಕ್ಷರ ಸತ್ತೋಯ್ತವೆ.”

“ಏನೂ ಆಗಲ್ಲ ಅಕ್ಕಾ. ಕೆಳಗಡೆ ಹಾಗೇ ಇರುತ್ತೆ.”

“ಕಾಣ್ತಿಲ್ವಲ್ಲ.”

“ಕಾಣ್ದಿದ್ರೂ ಇರುತ್ತೆ.”

ಕಾಣದಿದ್ದರೂ ಇರುವುದನ್ನು ಪುಟ್ಟಲಿಂಗಮ್ಮ ದೇವರ ವಿಷಯದಲ್ಲಿ ಒಪ್ಪಿಕೊಳ್ಳುತ್ತಿದ್ದಳೇ ಹೊರತು ಗ್ಯಾಲಿಯ ವಿಷಯದಲ್ಲಿ ಅಲ್ಲ. ಹೇಮಶ್ರೀ ಅತ್ತ ತಿರುಗಿದ ಕೂಡಲೇ ಆಕೆ ತನ್ನ ದಾರಿ ಹಿಡಿದಳು. ಒಂದು ಕಿಟಕಿಯನ್ನು ಸೇವ್ ಮಾಡಿ ಪೂರಾ ಮುಚ್ಚುವುದು, ಇನ್ನೊಂದನ್ನು ತೆರೆಯುವುದು, ಬೇಕಾದ ಸಾಲನ್ನು ಬಾಯಿಪಾಠ ಮಾಡುವುದು, ಅದನ್ನೂ ಮುಚ್ಚುವುದು, ಮೊದಲಿನದನ್ನು ಮತ್ತೆ ತೆರೆಯುವುದು. ನಮ್ಮ ಕಂಪ್ಯೂಟರು ಒಂದೊಂದು ಸಲ ತೆರೆಯಲಿಕ್ಕೂ ಎರಡು ನಿಮಿಷ ತೆಗೆದುಕೊಳ್ಳುತ್ತಿತ್ತು. ಪರದೆಯ ಮೇಲೆ ಮರಳು ಗಡಿಯಾರ ತಿರುಗುತ್ತಿದ್ದರೆ ಇಡೀ ಪ್ರೆಸ್ಸು ಅದನ್ನೇ ನೋಡುತ್ತ ಕೂರುತ್ತಿತ್ತು. ಅರ್ಧ ಗಂಟೆಯ ಕೆಲಸಕ್ಕೆ ಅರ್ಧ ದಿನ ಹಿಡಿಯತೊಡಗಿತು.

ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಸಂಕ್ರಾಂತಿ ಕಳೆದ ಮೇಲೆ ಮಹದೇವಪ್ಪನವರು ನನ್ನನ್ನು ಕೇಳಿದರು. “ಆಕೆಗೆ ಹತ್ತೋದಿಲ್ಲ, ಬೈಂಡಿಂಗಿಗೆ ಕಳಿಸೋದೇ ವಾಸಿ,” ಎಂದು ನಾನೇ ಹೇಳಿದೆ. ಯಾರೂ ನನ್ನ ಬಾಯಿಂದ ಅದನ್ನು ಎಳೆದು ಹೊರಡಿಸಲಿಲ್ಲ. ಮಾರನೇ ವಾರ ಬೈಂಡಿಂಗ್ ಕೋಣೆಯಲ್ಲಿ ಒಂದು ಹೊಸ ಸ್ಟೂಲು ಬಂದು ಕೂತಿತು. ಅದು ಯಾರಿಗೆ ಎಂದು ಯಾರೂ ಹೇಳಲಿಲ್ಲ, ಪುಟ್ಟಲಿಂಗಮ್ಮ ಕೇಳಲೂ ಇಲ್ಲ.

ಆದರೆ ಆಕೆ ಸುಮ್ಮನಿರುವ ಪೈಕಿಯವಳಲ್ಲ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಆಕೆ ಒಂದು ಕಿಟಕಿಯಲ್ಲಿ ತನ್ನ ಮೊಮ್ಮಗಳ ಹೆಸರು ಟೈಪು ಮಾಡಿದಳು. ಅದರ ಮೇಲೆ ಕಣ್ಣು ಮುಚ್ಚಿಕೊಂಡು ಇನ್ನೊಂದು ಕಿಟಕಿ ತೆರೆದಳು. ಅದರ ಮೇಲೆ ಮತ್ತೊಂದು. ಹೀಗೆ ನಾಲ್ಕು ಹೇರಿ, ಬುತ್ತಿ ಡಬ್ಬಿ ತೆಗೆದುಕೊಂಡು ದೂರ ಹೋಗಿ ಕೂತಳು. ಅನ್ನವನ್ನು ಕಲಸುತ್ತಿದ್ದಳೇ ಹೊರತು ತಿನ್ನುತ್ತಿರಲಿಲ್ಲ, ಕಣ್ಣೆಲ್ಲ ಪರದೆಯ ಮೇಲೆ. ಕೈ ತೊಳೆದು ಬಂದು ಮೇಲಿನ ನಾಲ್ಕನ್ನೂ ಒಂದೊಂದಾಗಿ ತೆಗೆದಳು. ಕೆಳಗೆ ಹೆಸರು ಇಟ್ಟ ಹಾಗೇ ಇತ್ತು. ಮೂಗು ತಾಗುವಷ್ಟು ಬಗ್ಗಿ ನೋಡಿದಳು.

“ಮೇಷ್ಟ್ರೇ, ಬನ್ನಿ ಇಲ್ಲಿ. ಒಂದಕ್ಷರಾನೂ ಜಜ್ಜಿಲ್ಲ.”

ಆ ವಾರ ಪೂರ್ತಿ ಪ್ರತಿದಿನ ಊಟದ ಹೊತ್ತಿಗೆ ಆ ಪರೀಕ್ಷೆ ನಡೆಯಿತು. ಆರನೇ ದಿನ ಆಕೆಯ ದೃಷ್ಟಿ ಪರದೆಯ ಕೆಳಗಿನ ಬೂದು ಪಟ್ಟಿಯ ಮೇಲೆ ಬಿತ್ತು. ತೆರೆದ ಕಿಟಕಿಗಳ ಹೆಸರುಗಳೆಲ್ಲ ಅಲ್ಲಿ ಸಾಲಾಗಿ ಕೂತಿದ್ದವು. ಆಕೆ ಎದ್ದು ಹಿಂದಿನ ಕೋಣೆಗೆ ಹೋದಳು. ನಮ್ಮ ಹಳೇ ಗ್ಯಾಲಿ ರ‍್ಯಾಕು ಅಲ್ಲೇ ಧೂಳು ಹಿಡಿದು ನಿಂತಿತ್ತು. ಯಾವ ಗ್ಯಾಲಿ ಯಾವ ಕೆಲಸದ್ದು ಎಂದು ತಿಳಿಯಲು ಅದರ ಪ್ರತಿ ಗೂಡಿಗೂ ಆಕೆಯೇ ಚೀಟಿ ಅಂಟಿಸಿದ್ದಳು. ಅದನ್ನು ನೋಡಿ, ಬಂದು ಪರದೆಯನ್ನು ನೋಡಿ, ಮತ್ತೆ ಹೋಗಿ ಅದನ್ನು ನೋಡಿ ಬಂದಳು.

“ರ‍್ಯಾಕು ಎಲ್ಲೂ ಓಗಿಲ್ಲ ಮೇಷ್ಟ್ರೇ,” ಎಂದಳು. “ಇಲ್ಲೇ ಅಡ್ಡಡ್ಡಕ್ಕೆ ಮಲಗ್ಸವ್ರೆ. ಚೀಟೀನೂ ಅಂಟ್ಸವ್ರೆ. ಈ ಮಗಿಗೆ ಅಷ್ಟು ಹೇಳಕ್ಕೆ ಏನಾಗಿತ್ತು?”

ಹೇಮಶ್ರೀ ಗ್ಯಾಲಿ ರ‍್ಯಾಕನ್ನು ಅದುವರೆಗೂ ಕಂಡವಳೇ ಅಲ್ಲ, ಅವಳು ಹೇಗೆ ಹೇಳಿಯಾಳು? ಆದರೂ ಅವಳು ನಗುತ್ತ ಬಂದು ಪಕ್ಕ ಕೂತಳು. “ಅಕ್ಕಾ, ಇಷ್ಟು ಬಂತಲ್ಲ, ಇದೊಂದು ನೋಡಿ. ಮೌಸ್ ಬೇಡವೇ ಬೇಡ. ಎಡಗೈ ಹೆಬ್ಬೆರಳಲ್ಲಿ ಆಲ್ಟ್ ಒತ್ತಿ ಹಿಡ್ಕೊಳಿ. ಬಿಡಬೇಡಿ. ಪಕ್ಕದ ಬೆರಳಲ್ಲಿ ಟ್ಯಾಬ್ ಒತ್ತಿ. ಬೇಕಾದ ಕಿಟಕಿ ಬಂದಾಗ ಹೆಬ್ಬೆರಳು ಬಿಡಿ.”

ಪುಟ್ಟಲಿಂಗಮ್ಮ ತನ್ನ ಎಡಗೈ ನೋಡಿಕೊಂಡಳು. ಕಂಪ್ಯೂಟರ್ ಬಂದ ಮೇಲೆ ಬಲಗೈ ಮೌಸ್ ಹಿಡಿದು ಓಡಾಡುವಾಗಲೆಲ್ಲ ಆ ಕೈ ಮಡಿಲಲ್ಲಿ ಬಿದ್ದಿರುತ್ತಿತ್ತು. ಹೆಬ್ಬೆರಳಿನ ಗಂಟು ಮೆತ್ತಗಾಗಲು ಶುರುವಾಗಿತ್ತು. ಆಕೆ ಹೆಬ್ಬೆರಳನ್ನು ಕೀಲಿಯ ಮೇಲೆ ಇಟ್ಟು ಒತ್ತಿ ಹಿಡಿದಳು, ಮೂವತ್ತು ವರ್ಷ ಮೊಳೆಯನ್ನು ಒತ್ತಿ ಹಿಡಿದ ಹಾಗೆಯೇ. ಟಕ್, ಟಕ್. ಬಿಟ್ಟಳು. ಬೇಕಾದ ಕಿಟಕಿ ಎದುರಿಗೆ ಬಂದು ನಿಂತಿತು.

ಮತ್ತೆ ಮಾಡಿದಳು. ಮತ್ತೆ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಈ ಕೈಗೂ ಕೆಲ್ಸ ಸಿಕ್ತು ಬುಡಿ,” ಎಂದಳು. ನಾನು ತಲೆ ಬಗ್ಗಿಸಿ ಒಂದು ಪ್ರೂಫಿಗೆ ಅನಗತ್ಯವಾಗಿ ಎರಡು ಗೆರೆ ಎಳೆದೆ.

ಶಿವರಾತ್ರಿ ಕಳೆಯಿತು, ಯುಗಾದಿಗೆ ಹದಿನೈದು ದಿನ ಉಳಿದಿತ್ತು. ನಂಜನಗೂಡಿನ ಕಡೆಯ ಒಂದು ಮಠದವರು ಸಾಮೂಹಿಕ ವಿವಾಹ ಇಟ್ಟುಕೊಂಡಿದ್ದರು. ಎಲ್ಲ ಜೋಡಿಗಳ ಹೆಸರು, ತಂದೆ ತಾಯಿ, ಊರು ಇರುವ ಆಹ್ವಾನ ಪುಸ್ತಿಕೆ ನಮ್ಮ ಕೆಲಸ. ಹೇಮಶ್ರೀ ವಧುಗಳ ವಿವರವನ್ನೆಲ್ಲ ಒಂದು ಕಡತದಲ್ಲಿ, ವರರದ್ದನ್ನು ಇನ್ನೊಂದರಲ್ಲಿ ಟೈಪು ಮಾಡಿ, ಮೂರನೆಯದರಲ್ಲಿ ಐವತ್ತೆಂಟು ಜೋಡಿಗಳನ್ನು ಕಟ್ಟಿ ಮುಗಿಸಿದ್ದಳು. ಅಷ್ಟರಲ್ಲಿ ಅವಳ ಮೈಮೇಲೆ ಅಮ್ಮ ಎದ್ದಿತು. ಹತ್ತು ದಿನ ಮನೆಯಿಂದ ಹೊರಗೆ ಬರುವಂತಿಲ್ಲ.

ಮಾರನೇ ದಿನ ಬೆಳಗ್ಗೆ ಹತ್ತು ಗಂಟೆಗೆ ಮಠದ ಗುಮಾಸ್ತ ಷಡಕ್ಷರಿ ಬೆವರೊರೆಸಿಕೊಳ್ಳುತ್ತ ಬಂದರು. ಕೈಯಲ್ಲಿ ಹೊಸ ಪಟ್ಟಿ. ಆರು ಜೋಡಿ ಹಿಂದೆ ಸರಿದಿದ್ದವು, ಒಂಬತ್ತು ಹೊಸದಾಗಿ ಸೇರಿದ್ದವು. ಸಾಲದ್ದಕ್ಕೆ ಅನುಕ್ರಮವೇ ಬದಲಾಗಿ ತಾಲೂಕುವಾರು ಆಗಬೇಕಿತ್ತು.

“ನಾಳೆ ಬೆಳಗ್ಗೆ ಪುಸ್ತಕ ಬುದ್ಧಿಯೋರ ಕೈಯಲ್ಲಿರ್ಬೇಕು,” ಎಂದರು ಷಡಕ್ಷರಿ, ಮಠದ ಸ್ವಾಮಿಗಳನ್ನು ಕುರಿತು. “ಒಂದೇ ಮಾತು ಸ್ವಾಮಿ. ಒಬ್ಬನ ಹೆಂಡ್ತಿ ಇನ್ನೊಬ್ಬನ ಪಕ್ಕ ಅಚ್ಚಾಗ್ಬಾರ್ದು.”

ಅಚ್ಚಿಗೆ ಹಾಕುವ ಪ್ಲೇಟು ಮಾಡುವವರು ನಾಲ್ಕು ಗಂಟೆಯ ಮೇಲೆ ಹಾಳೆ ತೆಗೆದುಕೊಳ್ಳುತ್ತಿರಲಿಲ್ಲ. ಮಹದೇವಪ್ಪನವರು ಊರಿನ ನಾಲ್ಕು ಡಿಟಿಪಿ ಸೆಂಟರುಗಳಿಗೆ ಫೋನು ಮಾಡಿದರು. ನಾಲ್ಕರಲ್ಲೂ ನಾಳೆ ಬನ್ನಿ ಎಂಬ ಉತ್ತರ. ನಾನು ಸುಮ್ಮನಿರಲಾರದೆ ಒಂದು ಚೀಟಿಯಲ್ಲಿ ಲೆಕ್ಕ ಹಾಕಿದೆ. ಪುಟ್ಟಲಿಂಗಮ್ಮ ಗಡಿಬಿಡಿಯಲ್ಲಿ ಮತ್ತೆ ಹಳೇ ಪದ್ಧತಿಗೆ ಬಿದ್ದು ಜೋಡಿಗೆ ನಾಲ್ಕು ಸಲ ಮುಚ್ಚಿ ತೆರೆದರೆ, ಅರುವತ್ತೊಂದು ಜೋಡಿಗೆ ಬರೀ ಮರಳು ಗಡಿಯಾರ ನೋಡುವುದಕ್ಕೇ ಎಂಟು ಗಂಟೆ. ಆ ಚೀಟಿಯನ್ನು ಯಜಮಾನರಿಗೆ ತೋರಿಸುತ್ತಿದ್ದೆ, ಆಕೆ ಬಂದು ನಿಂತಳು.

“ನಾನು ಮಾಡ್ತೀನಿ ಯಜಮಾನ್ರೇ.”

“ಪುಟ್ಟಲಿಂಗಮ್ಮ, ಇದು ಮಠದ ಕೆಲ್ಸ ಕಣ್ರೀ. ಹೆಚ್ಚುಕಮ್ಮಿ ಆದ್ರೆ ನಾನು ಆ ಕಡೆ ತಲೆ ಹಾಕಂಗಿಲ್ಲ.”

“ಹೆಚ್ಚುಕಮ್ಮಿ ಆದ್ರೆ ಇವತ್ತೇ ಆ ಸ್ಟೂಲ್ ಮ್ಯಾಲೆ ಕೂತ್ಕೋತೀನಿ. ಯುಗಾದಿಗಂಟ ಕಾಯೋದು ಬ್ಯಾಡ.”

ಬೇರೆ ದಾರಿಯಿಲ್ಲದೆ ಯಜಮಾನರು ತಲೆಯಾಡಿಸಿದರು. ಷಡಕ್ಷರಿಯವರು ಗೋಡೆಗೊರಗಿ ಕೂತು ಶಿವ ಶಿವ ಎನ್ನತೊಡಗಿದರು.

ಆಕೆ ಮೂರು ಕಿಟಕಿ ತೆರೆದಳು. ವಧು, ವರ, ಜೋಡಿ. ಒಂದರ ಮೇಲೊಂದು, ಸ್ವಲ್ಪವೂ ಅಳುಕದೆ. ಪಟ್ಟಿಯನ್ನು ಕಂಪೋಸಿಂಗ್ ಕಾಲದ ಹಾಗೆಯೇ ಎದುರಿಗೆ ಕ್ಲಿಪ್ಪು ಹಾಕಿ ನಿಲ್ಲಿಸಿಕೊಂಡು, ಹೊಸ ಒಂಬತ್ತು ಜೋಡಿಗಳ ವಿವರವನ್ನು ಮೊದಲು ಟೈಪು ಮಾಡಿ ಸೇರಿಸಿದಳು. ಆಮೇಲೆ ಎಡಗೈ ಹೆಬ್ಬೆರಳು ಕೂತಿತು. ಟಕ್, ವಧುವಿನ ಕಿಟಕಿ, ಹೆಸರು ಎತ್ತಿಕೊಂಡಳು. ಟಕ್ ಟಕ್, ಜೋಡಿಯ ಕಿಟಕಿ, ಇಳಿಸಿದಳು. ಟಕ್, ವರನ ಕಿಟಕಿ. ಮತ್ತೆ ಜೋಡಿ. ಕಣ್ಣು ಪಟ್ಟಿಯ ಮೇಲೆ, ಕೈ ಕೀಲಿಯ ಮೇಲೆ, ಮೌಸು ಪಾಪ ಒಂದು ಮೂಲೆಯಲ್ಲಿ. ಒಂದು ಜೋಡಿ ಮುಗಿದರೆ ಪಟ್ಟಿಯ ಪಕ್ಕ ಪೆನ್ಸಿಲಿನ ಒಂದು ಚುಕ್ಕಿ. ಆ ಶಬ್ದಕ್ಕೆ ಒಂದು ಲಯ ಬಂದುಬಿಟ್ಟಿತ್ತು, ಸೀಸದ ಮೊಳೆ ಸ್ಟಿಕ್ಕಿಗೆ ಬೀಳುತ್ತಿದ್ದ ಕಾಲದ ಲಯ. ನಾನು ಅದನ್ನು ಎಷ್ಟೋ ತಿಂಗಳಿಂದ ಕೇಳಿರಲಿಲ್ಲ. ಕೇಳಿ ಎಷ್ಟು ಸಂತೋಷವಾಯಿತೆಂದರೆ, ನಾನು ಹಾಕಿದ ಲೆಕ್ಕದ ಚೀಟಿಯನ್ನು ಹರಿದು ಜೇಬಿಗೆ ಹಾಕಿಕೊಂಡೆ.

ಊಟಕ್ಕೆ ಏಳಲಿಲ್ಲ. ಹನ್ನೆರಡರ ಹೊತ್ತಿಗೆ ಮೂವತ್ತು ಚುಕ್ಕಿ. ಎರಡೂಕಾಲಿಗೆ ಅರುವತ್ತೊಂದನೆಯ ಚುಕ್ಕಿ ಇಟ್ಟು, ಪ್ರಿಂಟು ತೆಗೆದು, ನನ್ನ ಮೇಜಿನ ಮೇಲೆ ಇಟ್ಟಳು. “ಗೀಚಿ ಮೇಷ್ಟ್ರೇ,” ಎಂದಳು.

ನಾನು ಕೆಂಪು ಪೆನ್ನಿನ ಮುಚ್ಚಳ ತೆಗೆದೆ. ಷಡಕ್ಷರಿ ಮೂಲ ಪಟ್ಟಿ ಓದುವುದು, ನಾನು ಪ್ರೂಫು ನೋಡುವುದು. ಹತ್ತು ಜೋಡಿ ಆಯಿತು, ಇಪ್ಪತ್ತು ಆಯಿತು, ಪೆನ್ನಿಗೆ ಕೆಲಸವಿಲ್ಲ. ಮೂವತ್ತೆಂಟನೆಯದಕ್ಕೆ ಬಂದಾಗ ನನಗೆ ಜೀವ ಬಂತು. ಆ ವರ ನಾಗರಾಜು. ಹಳೇ ಜೋಡಿಗಳಿಗೆ ಪಟ್ಟಿಯಲ್ಲಿ ಹೆಸರು ಮಾತ್ರ ಇತ್ತು, ಊರಿರಲಿಲ್ಲ; ಹೇಮಶ್ರೀಯ ಪ್ರೂಫು ತಿದ್ದಿದ್ದ ನನ್ನ ನೆನಪಿನ ಪ್ರಕಾರ ಅವನು ಹುಲ್ಲಹಳ್ಳಿಯವನು, ಇಲ್ಲಿ ಕವಲಂದೆ ಎಂದಿತ್ತು. ದಪ್ಪಗೆ ಗೆರೆ ಎಳೆದೆ.

ಮಹದೇವಪ್ಪನವರ ಮುಖ ಕಪ್ಪಿಟ್ಟಿತು. ಪುಟ್ಟಲಿಂಗಮ್ಮ ಕುರ್ಚಿಯಲ್ಲಿ ಕೂತು ಹೆಬ್ಬೆರಳು ಒತ್ತಿದಳು. “ನೋಡಿ, ವರನ ಕಿಟಕಿ. ನಾಗರಾಜು ಇಬ್ರು ಅವ್ರೆ. ಹುಲ್ಲಳ್ಳಿಯೋನು ಹನ್ನೆರಡನೇ ಜೋಡೀಲಿ ಆಗ್ಲೇ ಕೂತವ್ನೆ.” ಟಕ್. “ಇದು ಜೋಡಿ, ಹನ್ನೆರಡು, ಸರಿನಾ?” ಟಕ್ ಟಕ್. “ಇದು ವಧು ಕಿಟಕಿ, ಈ ಹೆಣ್ಣಿನ ವಿವರ. ಗಂಡಿನೂರು ಕವಲಂದೆ ಅಂತ ಇಲ್ಲೂ ಅದೆ.”

ಮೂರು ಕಿಟಕಿಗಳು ಮೂರು ಉಸಿರಿನಲ್ಲಿ ಬಂದು ಸಾಕ್ಷಿ ಹೇಳಿ ಹೋದವು. ನಾನು ಎಳೆದ ಗೆರೆಯನ್ನು ನಾನೇ ಹೊಡೆದುಹಾಕಿದೆ. ಹಾಗೆ ಮಾಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು, ಮತ್ತು ಹೇಳಿದರೆ ನಂಬುವುದಿಲ್ಲ, ನನಗೆ ಅವಮಾನವೇ ಆಗಲಿಲ್ಲ. ಉಳಿದ ಇಪ್ಪತ್ತಮೂರು ಜೋಡಿಗಳೂ ತಮ್ಮ ತಮ್ಮ ಜಾಗದಲ್ಲಿದ್ದವು. ಷಡಕ್ಷರಿ ಎದ್ದು ಆಕೆಗೆ ಕೈಮುಗಿದರು.

“ಆ ಸ್ಟೂಲನ್ನ ತೆಗ್ದು ನನ್ನ ಮನೆಗೆ ಕಳ್ಸಿ,” ಎಂದು ಮಹದೇವಪ್ಪನವರು ಒಳಗೆ ಕೂಗಿ ಹೇಳಿದರು. “ದೇವರ ಗೂಡಿಗೆ ಕೈ ಎಟುಕಲ್ಲ ಅಂತ ಮನೇಲಿ ಗಲಾಟೆ.” ಪುಟ್ಟಲಿಂಗಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಆ ಕುರ್ಚಿಯಲ್ಲಿ ಆಕೆ ಮುಂದೆ ಹನ್ನೊಂದು ವರ್ಷ ಕೂತಳು, ಮೂವರು ಹೊಸಬರಿಗೆ ಕೆಲಸ ಕಲಿಸಿದಳು, ಮೌಸ್ ಮುಟ್ಟಿದವರ ಕೈಗೆ ಸ್ಕೇಲಿನಿಂದ ತಟ್ಟುತ್ತಿದ್ದಳೆಂದು ಕೇಳಿದ್ದೇನೆ.

ಆದರೆ ಆ ದಿನದ ಕೆಲಸ ಇನ್ನೂ ಮುಗಿದಿರಲಿಲ್ಲ. ಮೂರೂಕಾಲು ಆಗಿತ್ತು. ಪುಸ್ತಿಕೆಯ ಕೊನೇ ಪುಟದಲ್ಲಿ ಮಠದ ವಿಳಾಸ, ಮುದ್ರಕರ ಹೆಸರು ಇದ್ದವು. ಹೇಮಶ್ರೀ ಅಲ್ಲಿ ಅಕ್ಷರ ಜೋಡಣೆ ಎಂದು ಬರೆದು ಜಾಗ ಖಾಲಿ ಬಿಟ್ಟಿದ್ದಳು. ಪುಟ್ಟಲಿಂಗಮ್ಮ ಆ ಸಾಲನ್ನೇ ತೆಗೆದುಹಾಕಿದ್ದಳು. ಮೊಳೆ ಜೋಡಿಸುವವರ ಹೆಸರನ್ನು ನಾವು ಯಾವತ್ತೂ ಹಾಕಿದವರಲ್ಲ. ಮೂವತ್ತು ವರ್ಷದಲ್ಲಿ ಲಕ್ಷಗಟ್ಟಲೆ ಜನರ ಹೆಸರು ಜೋಡಿಸಿದ ಆಕೆಯ ಹೆಸರು ಒಂದು ಸಲವೂ ಅಚ್ಚಾಗಿರಲಿಲ್ಲ.

ನಾನು ಯಜಮಾನರ ಕಡೆ ನೋಡಿದೆ. ಅವರಿಗೆ ಅರ್ಥವಾಯಿತು, ಹೂಂ ಎಂದರು. ಮುದ್ರಕರ ಹೆಸರಿನ ಮೇಲುಗಡೆ ಬಿಟ್ಟುಹೋಗಿದೆ ಎಂಬ ಗುರುತು ಹಾಕಿ, ಅಂಚಿನಲ್ಲಿ ಕೆಂಪು ಪೆನ್ನಿನಿಂದ ಬರೆದೆ: ಅಕ್ಷರ ಜೋಡಣೆ: ಪುಟ್ಟಲಿಂಗಮ್ಮ. ಪಕ್ಕದಲ್ಲಿ ದಪ್ಪ ಅಕ್ಷರ ಎಂದೂ ಸೇರಿಸಿದೆ. ಹಾಳೆಯನ್ನು ಆಕೆಯ ಮುಂದೆ ಇಟ್ಟೆ.

“ಒಂದು ತಪ್ಪು ಸಿಕ್ಕಿದೆ ಕಣಮ್ಮ. ತಿದ್ದಿ ಕೊಡಿ.”

ಆಕೆ ಓದಿದಳು. ಇನ್ನೊಂದು ಸಲ ಓದಿದಳು.

“ದಪ್ಪಕ್ಷರ ಜಾಸ್ತಿ ಆಯ್ತು ಮೇಷ್ಟ್ರೇ.”

“ಪ್ರೂಫು ತಿದ್ದೋನು ನಾನು. ಹೇಳಿದಷ್ಟು ಮಾಡಿ.”

ಆಕೆ ಹೆಬ್ಬೆರಳು ಒತ್ತಿ ಆ ಕಿಟಕಿಯನ್ನು ಮೇಲಕ್ಕೆ ತಂದಳು. ಇಡೀ ದಿನ ಓಡಿದ ಕೈ ಈಗ ಒಂದೊಂದು ಅಕ್ಷರಕ್ಕೂ ನಿಂತು ನಿಂತು ಹೋಯಿತು. ಪ್ರಿಂಟು ತೆಗೆದು ಕೊಟ್ಟಳು. ನಾನು ಕನ್ನಡಕ ಒರೆಸಿಕೊಂಡು ಆ ಹೆಸರನ್ನು ಎರಡು ಸಲ ನೋಡಿದೆ. ಒತ್ತಕ್ಷರಗಳು ಸರಿ, ಸೊನ್ನೆ ಸರಿ, ಜಾಗ ಸರಿ. ಎಲ್ಲೂ ಪೆನ್ನು ಮುಟ್ಟಿಸದೆ ಕೆಳಗೆ ಸಹಿ ಹಾಕಿ, ಮೊದಲು ಆಕೆಗೆ ತೋರಿಸಿ, ಆಮೇಲೆ ಪ್ಲೇಟಿಗೆ ಕಳಿಸಿದೆ.